ಗರಗಸದ ಹುಡಿ ಯಾರ ಲೆಕ್ಕಕ್ಕೆ?

ಮರಗೆಲಸದ ಸಣ್ಣ ಅಂಗಡಿಗಳಲ್ಲಿ ಕೈಗರಗಸದ ಸದ್ದು ಈಗ ಅಪರೂಪವಾಗಿದೆ. ದಾರಂದ, ಕಿಟಕಿಯ ಚೌಕಟ್ಟು, ಬೀಡಿಂಗು, ದೇವರ ಪಟದ ಕಟ್ಟು, ಇವುಗಳ ಮೂಲೆ ಕೂಡಿಸಲು ಬೇಕಾದ ಓರೆ ಕೊಯ್ತವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುವ ವಿದ್ಯುತ್ ಗರಗಸ ಬಂದಿದೆ. ಅಂಗಡಿಯವರು ಇದನ್ನು ಮೈಟರ್ ಸಾ ಎನ್ನುತ್ತಾರೆ. ಯಂತ್ರ ಬಂದದ್ದಕ್ಕೆ ನಮ್ಮ ತಕರಾರೇನೂ ಇಲ್ಲ. ಕೈ ಸೋಲುವ ಕೆಲಸವನ್ನು ಯಂತ್ರ ಮಾಡುವುದಾದರೆ ಮಾಡಲಿ. ಬಡಗಿಯ ಬೆನ್ನು ಉಳಿಯಲಿ. ಆದರೆ ಬೆನ್ನು ಉಳಿಸಿದ ಯಂತ್ರ ಎದೆಯನ್ನು ತಿನ್ನುವುದಾದರೆ ಅದನ್ನು ಲಾಭವೆಂದು ಕರೆಯಲಾದೀತೆ?

ಗರಗಸ ಕೊಳ್ಳಹೋಗುವವರು ಮೋಟಾರಿನ ಶಕ್ತಿ ಕೇಳುತ್ತಾರೆ, ಬಿಲ್ಲೆಯ ಅಳತೆ ಕೇಳುತ್ತಾರೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಹುಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಹುಡಿ ಹಿಡಿಯುವ ಏರ್ಪಾಡು ಇಲ್ಲದೆ ಕೊಂಡ ಗರಗಸ ಅಗ್ಗದ ಗರಗಸವಲ್ಲ, ಅರ್ಧ ಬೆಲೆ ಕೊಟ್ಟು ತಂದ ಗರಗಸ ಎಂಬುದು ನಮ್ಮ ಖಚಿತ ಅಭಿಪ್ರಾಯ. ಉಳಿದ ಅರ್ಧವನ್ನು ಅದರ ಮುಂದೆ ನಿಂತವನು ತನ್ನ ಉಸಿರಿನಿಂದ ತೀರಿಸುತ್ತಾನೆ.

ಸ್ವಲ್ಪ ಗಣಿತ

ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪದ ಒಂದು ತೇಗದ ತುಂಡನ್ನು ಅಡ್ಡ ಕೊಯ್ದೆವೆನ್ನೋಣ. ಬಿಲ್ಲೆಯ ಹಲ್ಲಿನ ಅಗಲ ೩ ಮಿಲಿಮೀಟರ್. ಅಷ್ಟು ಅಗಲದ ಮರ ಹುಡಿಯಾಗಲೇಬೇಕು. ಲೆಕ್ಕ ಹಾಕಿದರೆ ಸುಮಾರು ೧೫ ಘನ ಸೆಂಟಿಮೀಟರ್ ಮರ, ತೂಕದಲ್ಲಿ ಹೆಚ್ಚುಕಡಿಮೆ ೧೦ ಗ್ರಾಂ. ನೂರು ಕೊಯ್ತಕ್ಕೆ ಒಂದು ಕಿಲೋ. ಕೆಲಸ ಚೆನ್ನಾಗಿ ನಡೆಯುವ ಅಂಗಡಿಯಲ್ಲಿ ನೂರು ಕೊಯ್ತವೆಂದರೆ ದೊಡ್ಡ ಮಾತಲ್ಲ.

ಈ ಒಂದು ಕಿಲೋ ಎಲ್ಲವೂ ಒಂದೇ ಜಾತಿಯದಲ್ಲ. ಹೊಟ್ಟು ಬೇರೆ, ಹುಡಿ ಬೇರೆ. ಕಣ್ಣಿಗೆ ಕಾಣುವ ದಪ್ಪ ಹೊಟ್ಟು ಕೆಳಗೆ ಬೀಳುತ್ತದೆ, ಪೊರಕೆಗೆ ಸಿಕ್ಕುತ್ತದೆ, ಒಲೆಗೂ ಆಗುತ್ತದೆ. ಕಾಣದಷ್ಟು ಸಣ್ಣ ಹುಡಿ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಹಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಕುಣಿಯುತ್ತದಲ್ಲ, ಅದು. ಮೂಗಿನೊಳಗೆ, ಎದೆಯೊಳಗೆ ಇಳಿಯುವುದೂ ಅದೇ.

ಬ್ರಿಟನ್ನಿನಲ್ಲಿ ಗಡುಸು ಮರದ ಹುಡಿಗೆ ಕಾನೂನು ವಿಧಿಸಿರುವ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ ೩ ಮಿಲಿಗ್ರಾಂ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಸುಮಾರು ೮೫ ಘನ ಮೀಟರ್. ಅಂದರೆ ಇಡೀ ಕೋಣೆಯಲ್ಲಿ ತೇಲುತ್ತಿರುವ ಹುಡಿ ಕಾಲು ಗ್ರಾಂ ದಾಟಿದರೆ ಗಾಳಿ ಆ ಮಿತಿಯನ್ನು ಮೀರಿದಂತೆ. ಒಂದೇ ಕೊಯ್ತದಲ್ಲಿ ಹುಟ್ಟುವುದು ಹತ್ತು ಗ್ರಾಂ. ಅದರಲ್ಲಿ ನಲವತ್ತರಲ್ಲಿ ಒಂದು ಪಾಲು ತೇಲಿ ನಿಂತರೂ ಸಾಕು. ಈ ಗಣಿತವನ್ನು ನಮ್ಮ ಓದುಗರು ತಾವೇ ಮತ್ತೊಮ್ಮೆ ಮಾಡಿ ನೋಡಲಿ.

ಗಿರಣಿಯ ಪಾಠ

ಹತ್ತಿ ಗಿರಣಿಯ ಕಾರ್ಮಿಕರಿಗೆ ಈ ಮಾತು ಹೊಸದಲ್ಲ. ವಾರದ ರಜೆ ಕಳೆದು ಸೋಮವಾರ ಕಾರ್ಡಿಂಗ್ ಖಾತೆಗೆ ಕಾಲಿಟ್ಟೊಡನೆ ಎದೆ ಬಿಗಿಯುವುದು, ಉಸಿರು ಕಟ್ಟುವುದು, ಇದು ಹತ್ತಿಯ ಧೂಳಿನ ರೋಗದ ಮೊದಲ ಗುರುತು. ವೈದ್ಯರು ಅದನ್ನು ಬಿಸಿನೋಸಿಸ್ ಎನ್ನುತ್ತಾರೆ. ಮಾಲೀಕರು ಬಹಳ ಕಾಲ ಅದನ್ನು ಬೀಡಿಯ ಕೆಮ್ಮು ಎಂದು ತಳ್ಳಿಹಾಕಿದರು. ಇಂದು ಅದು ಕಾನೂನು ಒಪ್ಪಿಕೊಂಡ ಔದ್ಯೋಗಿಕ ರೋಗ.

ಮರದ ಹುಡಿಯ ಕತೆಯೂ ಹಾಗೆಯೇ. ಇಂಗ್ಲೆಂಡಿನ ಹೈ ವಿಕಂಬ್ ಎಂಬುದು ಕುರ್ಚಿ ಮೇಜುಗಳಿಗೆ ಹೆಸರಾದ ಊರು. ೧೯೬೦ರ ದಶಕದಲ್ಲಿ ಅಲ್ಲಿನ ವೈದ್ಯರು, ಬೇರೆಲ್ಲೂ ಅಪರೂಪವಾದ ಮೂಗಿನೊಳಗಿನ ಒಂದು ಬಗೆಯ ಕ್ಯಾನ್ಸರ್ ಪೀಠೋಪಕರಣ ಮಾಡುವ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣುವುದನ್ನು ಗುರುತಿಸಿದರು. ಹುಡಿ ಉಸಿರಾಡಿದ ಕಾಲಕ್ಕೂ ರೋಗ ತಲೆಯೆತ್ತಿದ ಕಾಲಕ್ಕೂ ನಡುವೆ ದಶಕಗಳೇ ಕಳೆದಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೧೯೯೫ರಲ್ಲಿ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಎಂ.ಡಿ.ಎಫ್. ಹಲಗೆ, ಪ್ಲೈವುಡ್‌ಗಳ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ವರ್ಗದ್ದು. ಎಂ.ಡಿ.ಎಫ್. ಕೊಯ್ದಾಗ ಹೊಟ್ಟು ಕಡಿಮೆ, ಹಿಟ್ಟಿನಂಥ ಹುಡಿಯೇ ಹೆಚ್ಚು. ಕ್ಯಾನ್ಸರಿನ ಮಾತು ದೂರವೆಂದುಕೊಂಡರೂ ಉಬ್ಬಸ, ಸದಾ ಸೋರುವ ಮೂಗು, ತೇಗ ಮತ್ತು ಬೀಟೆಯ ಹುಡಿಯಿಂದ ಬರುವ ಚರ್ಮದ ಕಡಿತ ಇವು ಹತ್ತಿರದವೇ.

ನಮ್ಮ ದೇಶದ ಕಾಯಿದೆ ಈ ವಿಷಯದಲ್ಲಿ ಕುರುಡಾಗಿರಲಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯ ೧೪ನೆಯ ಕಲಮು ಸ್ಪಷ್ಟವಾಗಿತ್ತು. ಧೂಳು ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲಿ ಅದನ್ನು ಹೀರಬೇಕು, ಆ ಸ್ಥಳವನ್ನು ಸಾಧ್ಯವಾದಷ್ಟು ಮುಚ್ಚಬೇಕು ಎಂಬುದು ಅದರ ತಾತ್ಪರ್ಯ. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. ೨೦೨೦ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತು ಮಾಡಿತು. ಇ.ಎಸ್.ಐ. ಆಸ್ಪತ್ರೆಯ ಬಾಗಿಲೂ ಹತ್ತು ಮಂದಿಯಿಂದಲೇ ತೆರೆಯುವುದು. ಯಜಮಾನನೂ ಸೇರಿ ಮೂರು ನಾಲ್ಕು ಮಂದಿ ದುಡಿಯುವ ಬಡಗಿ ಅಂಗಡಿಗೆ ಕಾಯಿದೆಯ ನೆರಳೂ ಇಲ್ಲ, ಆಸ್ಪತ್ರೆಯ ನೆರಳೂ ಇಲ್ಲ. ಧೂಳಿಗೆ ಮಾತ್ರ ಮಂದಿ ಎಣಿಸುವ ಅಭ್ಯಾಸವಿಲ್ಲ. ಆದ್ದರಿಂದ ಇನ್‌ಸ್ಪೆಕ್ಟರು ಬಂದು ಹೇಳಬೇಕಾದ್ದನ್ನು ಸಣ್ಣ ಅಂಗಡಿಯವರು ತಮಗೆ ತಾವೇ ಹೇಳಿಕೊಳ್ಳಬೇಕಾಗಿದೆ. ಆ ೧೪ನೆಯ ಕಲಮಿನ ಎರಡು ಮಾತು, 'ಹತ್ತಿರದಲ್ಲಿ ಹೀರು, ಸುತ್ತ ಮುಚ್ಚು', ಗರಗಸ ಆರಿಸುವುದಕ್ಕೂ ಸಾಕಾದಷ್ಟು ದಾರಿ ತೋರಿಸುತ್ತವೆ.

ಈ ಗರಗಸದ ಸ್ವಭಾವ

ಹತ್ತು ಇಂಚಿನ ಬಿಲ್ಲೆ ನಿಮಿಷಕ್ಕೆ ೪೮೦೦ ಸುತ್ತು ತಿರುಗಿದರೆ ಅದರ ಹಲ್ಲು ಸೆಕೆಂಡಿಗೆ ೬೪ ಮೀಟರ್ ಓಡುತ್ತದೆ. ಗಂಟೆಗೆ ೨೩೦ ಕಿಲೋಮೀಟರ್! ಬಿಲ್ಲೆಯ ತಳ ಕೆಲಸಗಾರನ ಕಡೆಯಿಂದ ಹಿಂದಿನ ಆನಿಕೆ ಪಟ್ಟಿಯ ಕಡೆಗೆ ಓಡುವುದರಿಂದ ಹುಡಿಯೂ ಅದೇ ವೇಗದಲ್ಲಿ ಹಿಂದಕ್ಕೆ ಸಿಡಿಯುತ್ತದೆ. ಅದನ್ನು ಹಿಡಿಯಲೆಂದು ಬಿಲ್ಲೆಯ ಹಿಂದೆ ಒಂದು ರಬ್ಬರಿನ ತುಟಿ, ಅದರ ಮೇಲೊಂದು ಕೊಳವೆಬಾಯಿ, ಬಾಯಿಗೊಂದು ಬಟ್ಟೆಯ ಚೀಲ ಇಟ್ಟಿರುತ್ತಾರೆ. ಆದರೆ ಈ ಗರಗಸದ ತಲೆ ಮೇಲೆ ಕೆಳಗೆ ಆಡುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ, ಕೆಲವು ಮಾದರಿಗಳಲ್ಲಿ ಓರೆಗೆ ಬಾಗುತ್ತದೆ, ಮುಂದಕ್ಕೂ ಜಾರುತ್ತದೆ. ಇಷ್ಟು ದಿಕ್ಕಿಗೆ ಆಡುವ ತಲೆಯನ್ನು ಪೂರ್ತಿ ಮುಚ್ಚುವುದು ಕಷ್ಟ. ಮರಗೆಲಸದ ಯಂತ್ರಗಳಲ್ಲಿ ಹುಡಿ ಹಿಡಿಯಲು ಇದು ಬಹಳ ಮೊಂಡು.

ಆ ಬಟ್ಟೆಯ ಚೀಲವನ್ನೇ ನಂಬಿ ಕೂರುವುದು ತಪ್ಪು. ಅದು ಹೊಟ್ಟನ್ನು ಹಿಡಿದು ಹುಡಿಯನ್ನು ತನ್ನ ನೇಯ್ಗೆಯ ಕಣ್ಣುಗಳಿಂದ ಹೊರಗೆ ಬಿಡುತ್ತದೆ. ಅರ್ಧ ತುಂಬಿದ ಮೇಲೆ ಗಾಳಿಗೆ ದಾರಿಯಿಲ್ಲದೆ ಹೊಟ್ಟನ್ನೂ ಹಿಂದಕ್ಕೆ ಉಗುಳುತ್ತದೆ. ನಮಗೆ ಬೇಕಾದ್ದು ಹೀರುವ ಶಕ್ತಿ, ಬರಿಯ ಚೀಲವಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಮೊದಲನೆಯದು, ಬೇಕಾದುದಕ್ಕಿಂತ ದೊಡ್ಡ ಗರಗಸ ಬೇಡ. ಪಟದ ಕಟ್ಟು, ಬೀಡಿಂಗು, ಕಿರಿದಾದ ಚೌಕಟ್ಟಿನ ಪಟ್ಟಿ ಇಷ್ಟೇ ಕೊಯ್ಯುವವರಿಗೆ ಜಾರುವ ತಲೆಯ ಅಗತ್ಯವಿಲ್ಲ. ಹತ್ತು ಇಂಚಿನ ಬಿಲ್ಲೆಯ, ಕೇವಲ ಕೆಳಗಿಳಿಯುವ ಸಾದಾ ಗರಗಸ ಸಾಕು. ತಲೆ ಎಷ್ಟು ಕಡಿಮೆ ಆಡುತ್ತದೋ ಅಷ್ಟು ಸುಲಭವಾಗಿ ಅದರ ಹುಡಿ ಕೈಗೆ ಸಿಕ್ಕುತ್ತದೆ. ಅಗಲ ಹಲಗೆ ಕೊಯ್ಯುವವರು ಮಾತ್ರ ಜಾರುವ ಮಾದರಿಗೆ ಹೋಗಲಿ. ಹಾಗೆ ಹೋದರೆ ಹಿಂದೆ ಬೇಕಾಗುವ ಜಾಗವನ್ನೂ ಅಳೆಯಲಿ. ಕೆಲವು ಗರಗಸಗಳ ಕಂಬಿಗಳು ಹಿಂದಕ್ಕೆ ಚಾಚುತ್ತವೆ, ಗೋಡೆಯ ಬದಿಗೆ ಇಡಲಾಗದು.

ಎರಡನೆಯದು, ಬಿಲ್ಲೆಯ ಹಿಂದಿನ ತುಟಿಯನ್ನು ನೋಡಿರಿ. ತಲೆಯನ್ನು ಕೆಳಗಿಳಿಸಿದಾಗ ಅದು ಮರಕ್ಕೆ ಎಷ್ಟು ಹತ್ತಿರ ಬರುತ್ತದೆ? ಎರಡು ಪಕ್ಕವೂ ಮುಚ್ಚಿದೆಯೆ? ಅಗಲವಾಗಿ, ಬಿಲ್ಲೆಯನ್ನು ತಬ್ಬಿದಂತೆ ಕೆಳತನಕ ಇಳಿಯುವ ತುಟಿ ಒಳ್ಳೆಯದು. ಕೊಳವೆಬಾಯಿ ಅಗಲವಿರಬೇಕು, ದಾರಿಯಲ್ಲಿ ಚೂಪಾದ ತಿರುವು ಇರಬಾರದು.

ಮೂರನೆಯದು, ಗರಗಸದೊಡನೆ ವ್ಯಾಕ್ಯೂಮ್ ಯಂತ್ರವನ್ನೂ ಒಂದೇ ಪಟ್ಟಿಯಲ್ಲಿ ಬರೆಯಿರಿ. ಬೆಲೆ ಕೇಳುವಾಗ ಎರಡನ್ನೂ ಕೂಡಿಸಿ ಕೇಳಿರಿ. ಹಣ ಸಾಲದಿದ್ದರೆ ಗರಗಸದಲ್ಲಿ ಒಂದು ಮೆಟ್ಟಿಲು ಇಳಿಯಿರಿ, ವ್ಯಾಕ್ಯೂಮಿನಲ್ಲಿ ಇಳಿಯಬೇಡಿ. ಸಾಧಾರಣ ಗರಗಸಕ್ಕೆ ಒಳ್ಳೆಯ ವ್ಯಾಕ್ಯೂಮ್ ಜೋಡಿಸಿದವನು, ದುಬಾರಿ ಗರಗಸಕ್ಕೆ ಬಟ್ಟೆಯ ಚೀಲ ಸಿಕ್ಕಿಸಿದವನಿಗಿಂತ ಜಾಣ. ಜರ್ಮನಿಯ ಫೆಸ್ಟೂಲ್ ಕಂಪನಿ ತನ್ನ ಕಾಪೆಕ್ಸ್ ಗರಗಸ ನೂರಕ್ಕೆ ೯೧ ಪಾಲು ಹುಡಿ ಹಿಡಿಯುವುದೆಂದು ಹೇಳಿಕೊಳ್ಳುತ್ತದೆ. ಅದು ಕೂಡ ವ್ಯಾಕ್ಯೂಮ್ ಜೋಡಿಸಿದಾಗಿನ ಮಾತು. ವ್ಯಾಕ್ಯೂಮಿನ ಕೊಳವೆ ಗರಗಸದ ಬಾಯಿಗೆ ಗಾಳಿ ಸೋರದಂತೆ ಕೂಡುವುದೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲೇ ಜೋಡಿಸಿ ನೋಡಬೇಕು. ಮನೆಯಲ್ಲಿ ವ್ಯಾಕ್ಯೂಮ್ ಈಗಾಗಲೇ ಇದ್ದರೆ ಅದರ ಕೊಳವೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಲು ನಾಚಿಕೆ ಬೇಡ.

ನಾಲ್ಕನೆಯದು ಸೋಸುವ ಪದರ, ಅಂದರೆ ಫಿಲ್ಟರು. ಹೀರಿದ ಹುಡಿಯನ್ನು ಇನ್ನೊಂದು ಕಡೆಯಿಂದ ಕೋಣೆಗೇ ಬಿಡುವ ಯಂತ್ರದಿಂದ ಪ್ರಯೋಜನವೇನು? ಐರೋಪ್ಯ ಪದ್ಧತಿಯಲ್ಲಿ ಇದಕ್ಕೆ ಎಲ್, ಎಂ, ಎಚ್ ಎಂಬ ಮೂರು ದರ್ಜೆಗಳಿವೆ. ಎಲ್ ದರ್ಜೆಯದು ನೂರಕ್ಕೆ ಒಂದು ಪಾಲಿನ ತನಕ ಹುಡಿ ಬಿಡಬಹುದು. ಎಂ ದರ್ಜೆಯದು ಸಾವಿರಕ್ಕೆ ಒಂದರ ತನಕ ಮಾತ್ರ. ಮರಕ್ಕೆ ಎಂ ದರ್ಜೆ ತಕ್ಕದ್ದು. ಫಿಲ್ಟರು ಬೇಗ ಕಟ್ಟದಂತೆ, ಗಾಳಿಯನ್ನು ಸುಳಿಯಾಗಿ ತಿರುಗಿಸಿ ಹೊಟ್ಟನ್ನು ಮೊದಲೇ ಬಕೆಟ್ಟಿಗೆ ಇಳಿಸುವ ಸೈಕ್ಲೋನ್ ಮುಚ್ಚಳ ನಡುವೆ ಇಟ್ಟರೆ ಖರ್ಚು ಉಳಿಯುತ್ತದೆ.

ಐದನೆಯದು ಬಿಲ್ಲೆ. ೩ ಮಿಲಿಮೀಟರಿನ ಬದಲು ೨ ಮಿಲಿಮೀಟರ್ ಹಲ್ಲಿನ ತೆಳು ಬಿಲ್ಲೆ ಹಾಕಿದರೆ ಹುಡಿಯಲ್ಲಿ ಮೂರರಲ್ಲೊಂದು ಪಾಲು ಹುಟ್ಟುವುದೇ ಇಲ್ಲ. ಹುಟ್ಟದ ಹುಡಿಯನ್ನು ಹಿಡಿಯುವ ಶ್ರಮವಿಲ್ಲ.

ಆರನೆಯದು ವಿದ್ಯುತ್ತು. ಗರಗಸ ೧೮೦೦ ವ್ಯಾಟು, ವ್ಯಾಕ್ಯೂಮ್ ೧೨೦೦ ವ್ಯಾಟು ಆದರೆ ಒಟ್ಟು ೩೦೦೦. ೨೩೦ ವೋಲ್ಟಿನಲ್ಲಿ ೧೩ ಆಂಪಿಯರ್. ಮನೆಯ ೬ ಆಂಪಿಯರಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಬಾರದು. ೧೬ ಆಂಪಿಯರಿನ ಸಾಕೆಟ್ಟು, ಸರಿಯಾದ ದಪ್ಪ ತಂತಿ, ಅರ್ಥಿಂಗು ಬೇಕೇ ಬೇಕು.

ಹಿಂದೊಂದು ಗೂಡು

ಇಷ್ಟೆಲ್ಲ ಮಾಡಿದರೂ ಒಂದು ಪಾಲು ಹುಡಿ ತುಟಿಯ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಗರಗಸದ ಹಿಂದೆ ಪ್ಲೈವುಡ್‌ನಿಂದ ಗೂಡು ಕಟ್ಟಬೇಕು. ತಲೆ ಎಡಕ್ಕೂ ಬಲಕ್ಕೂ ೪೫ ಡಿಗ್ರಿ ತಿರುಗುವಷ್ಟು ಅಗಲ, ಮೇಲೂ ಪಕ್ಕಗಳೂ ಮುಚ್ಚಿ, ತಳ ಇಳಿಜಾರಾಗಿ, ಅದರ ತುದಿಗೆ ನಾಲ್ಕು ಇಂಚಿನ ಕೊಳವೆ. ಬಡಗಿಗೆ ಇದು ಅರ್ಧ ದಿನದ ಕೆಲಸ. ಇದಕ್ಕೆ ಮನೆಯ ವ್ಯಾಕ್ಯೂಮ್ ಸಾಲದು. ಹೆಚ್ಚು ಗಾಳಿ ಎಳೆಯುವ, ದೊಡ್ಡ ಚೀಲದ ಡಸ್ಟ್ ಕಲೆಕ್ಟರ್ ಬೇಕು.

ಗೂಡು ಏಕೆ, ಬರಿಯ ಕೊಳವೆಯನ್ನು ಹಿಂದೆ ಇಟ್ಟರೆ ಸಾಲದೆ ಎಂದು ಕೇಳಬಹುದು. ದೀಪವನ್ನು ಮೊಳ ದೂರದಿಂದ ಊದಿ ಆರಿಸಬಹುದು. ಉಸಿರು ಒಳಗೆಳೆದು ಆರಿಸಲಾದೀತೆ? ಊದಿದ ಗಾಳಿ ದೂರ ಹೋಗುತ್ತದೆ, ಹೀರುವ ಗಾಳಿ ಬಾಯಿಯ ಬಳಿಯಲ್ಲೇ ಮುಗಿಯುತ್ತದೆ. ನಾಲ್ಕು ಇಂಚಿನ ಕೊಳವೆಯ ಬಾಯಿಂದ ನಾಲ್ಕು ಇಂಚು ದೂರ ಹೋದರೆ ಗಾಳಿಯ ವೇಗ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಹತ್ತಿರದಲ್ಲಿ ಹೀರು, ಸುತ್ತ ಮುಚ್ಚು ಎಂದು ಕಾಯಿದೆ ಹೇಳಿದ್ದು ಸುಮ್ಮನೆ ಅಲ್ಲ.

ತಕ್ಕಡಿಯ ಪರೀಕ್ಷೆ

ವ್ಯಾಪಾರಿಯ ಮಾತನ್ನೂ ನಂಬಬೇಡಿ, ನಮ್ಮ ಮಾತನ್ನೂ ನಂಬಬೇಡಿ, ತಕ್ಕಡಿಯನ್ನು ನಂಬಿರಿ. ಒಂದು ಮರದ ತುಂಡನ್ನು ತೂಗಿರಿ. ಹತ್ತು ಕೊಯ್ತ ಹಾಕಿಸಿ ಎಲ್ಲ ತುಂಡುಗಳನ್ನೂ ಮತ್ತೆ ತೂಗಿರಿ. ಕಡಿಮೆಯಾದದ್ದು ಒಟ್ಟು ಹುಡಿ. ಈಗ ವ್ಯಾಕ್ಯೂಮಿನ ಬಕೆಟ್ಟಿನಲ್ಲಿ ಸಿಕ್ಕಿದ್ದನ್ನು ತೂಗಿರಿ. ನೂರು ಗ್ರಾಮಿನಲ್ಲಿ ಎಂಬತ್ತು ಸಿಕ್ಕಿತೋ, ಐವತ್ತೋ? ಎರಡು ಮೂರು ಮಾದರಿಗಳನ್ನು ಹೀಗೆ ಹೋಲಿಸಿದರೆ ಯಾವುದು ದಿಟ, ಯಾವುದು ಬಣ್ಣದ ಮಾತು ತಿಳಿಯುತ್ತದೆ. ಯಂತ್ರ ಮಾರುವ ವರ್ತಕರು ಇದಕ್ಕೆ ಒಪ್ಪಬೇಕು. ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಲು ಬಿಡದ ಅಂಗಡಿಯಲ್ಲಿ ಯಾರು ಅಕ್ಕಿ ಕೊಳ್ಳುತ್ತಾರೆ? ತಕ್ಕಡಿಗೆ ಸಿಗದ ಸಣ್ಣ ಹುಡಿಗೆ ಇನ್ನೊಂದು ಪರೀಕ್ಷೆಯಿದೆ. ಕೊಯ್ತ ಮುಗಿದ ಮೇಲೆ ಕೋಣೆಯನ್ನು ಕತ್ತಲು ಮಾಡಿ ಟಾರ್ಚು ಹಾಕಿ ನೋಡಿರಿ. ಬೆಳಕಿನ ದಾರಿಯಲ್ಲಿ ಕಾಣುವುದೇ ನೀವು ಉಸಿರಾಡುತ್ತಿರುವುದು.

ಆಕ್ಷೇಪಣೆಗಳಿಗೆ ಉತ್ತರ

'ನಮ್ಮ ತಾತನ ಕಾಲದಿಂದ ಮರ ಕೊಯ್ದಿದ್ದೇವೆ, ಏನಾಯಿತು?' ಎನ್ನುವವರಿದ್ದಾರೆ. ತಾತನ ಕೈಗರಗಸ ದಪ್ಪ ಹೊಟ್ಟನ್ನು ಕಾಲ ಬಳಿ ಉದುರಿಸುತ್ತಿತ್ತು. ಗಂಟೆಗೆ ೨೩೦ ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಿರಲಿಲ್ಲ. ಎಂ.ಡಿ.ಎಫ್. ಹಲಗೆಯನ್ನು ಆತ ಕಂಡೂ ಇರಲಿಲ್ಲ.

'ಅಂಗಡಿ ಬೀದಿಗೆ ತೆರೆದಿದೆ, ಫ್ಯಾನೂ ಇದೆ' ಎನ್ನುತ್ತಾರೆ. ಫ್ಯಾನು ಹುಡಿಯನ್ನು ಕೊಲ್ಲುವುದಿಲ್ಲ, ಹಂಚುತ್ತದೆ. ಬೀದಿಗೆ ಹೋದದ್ದು ಪಕ್ಕದ ಕಿರಾಣಿ ಅಂಗಡಿಯ ತೆರೆದ ಮೂಟೆಗಳ ಮೇಲೆ, ಆ ಅಂಗಡಿಯವನ ಮೂಗಿನಲ್ಲಿ ಕೂರುತ್ತದೆ. ಸಂಜೆ ಕಂಪ್ರೆಸರಿನ ಗಾಳಿಯಿಂದ ಮೈಯ ಹುಡಿ ಊದಿಕೊಳ್ಳುವ ಅಭ್ಯಾಸವಂತೂ ಕೂತ ಹಾವನ್ನು ಕೆಣಕಿದಂತೆ. ಒಣ ಪೊರಕೆಯೂ ಅಷ್ಟೆ; ವ್ಯಾಕ್ಯೂಮಿನಿಂದಲೋ ಒದ್ದೆ ಬಟ್ಟೆಯಿಂದಲೋ ತೆಗೆಯಬೇಕು.

'ಮುಖಕ್ಕೆ ಮಾಸ್ಕು ಕೊಟ್ಟಿದ್ದೇವೆ' ಎನ್ನುವ ಯಜಮಾನರೂ ಇದ್ದಾರೆ. ಎನ್-೯೫ ಮಾಸ್ಕು ಒಳ್ಳೆಯದೇ, ಬೇಕೂ ಹೌದು. ಆದರೆ ಅದು ಕೊನೆಯ ಬಾಗಿಲು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಎಂಟು ಗಂಟೆ ಅದನ್ನು ಬಿಗಿಯಾಗಿ ಕಟ್ಟಿಕೊಂಡು ದುಡಿ ಎಂದು ಕೂಲಿಯವನಿಗೆ ಹೇಳುವ ಮೊದಲು ಯಜಮಾನ ಒಂದು ಗಂಟೆ ಕಟ್ಟಿಕೊಂಡು ನೋಡಲಿ. ಹಲಗೆಯ ಇನ್ನೊಂದು ತುದಿ ಹಿಡಿದು ನಿಲ್ಲುವ ಹುಡುಗನಿಗೆ ಆ ಮಾಸ್ಕೂ ದೊರೆಯುವುದಿಲ್ಲ.

'ವ್ಯಾಪಾರ ಇದನ್ನು ತಾಳದು' ಎಂಬುದು ಕೊನೆಯ ಮಾತು, ತೂಕದ ಮಾತೂ ಹೌದು. ಸಣ್ಣ ಅಂಗಡಿಯ ಯಜಮಾನ ಬಂಡವಾಳಗಾರನಲ್ಲ. ತಾನೇ ಗರಗಸದ ಮುಂದೆ ನಿಲ್ಲುವವನು. ಅವನ ಎದೆಯೂ ಅದೇ ಎದೆ. ಅದಕ್ಕೇ ನಾವು ಅವನನ್ನು ದೂರುವುದಿಲ್ಲ, ಲೆಕ್ಕ ತೋರಿಸುತ್ತೇವೆ. ವ್ಯಾಕ್ಯೂಮಿನ ಬೆಲೆಯನ್ನು ವರ್ಷಗಳಿಗೆ, ಕೊಯ್ತಗಳಿಗೆ ಹಂಚಿದರೆ ಒಂದು ದಾರಂದದ ಮೇಲೆ ಬೀಳುವುದು ಅಲ್ಪ. ಅದನ್ನು ಕೂಲಿಯ ಲೆಕ್ಕದಲ್ಲಿ, ಮೊಳೆ ಅಂಟಿನ ಲೆಕ್ಕದಲ್ಲಿ ಸೇರಿಸುವಂತೆ ಸೇರಿಸಬೇಕು. ಗಿರಾಕಿಗಳೂ ಅದನ್ನು ಚೌಕಾಸಿಯಲ್ಲಿ ಕಳೆಯಬಾರದು.

ಆಗಬೇಕಾದ್ದು

ಒಬ್ಬನಿಂದ ಆಗದ್ದು ನಾಲ್ವರಿಂದ ಆಗುತ್ತದೆ. ಒಂದೇ ಬೀದಿಯಲ್ಲಿ, ಒಂದೇ ಮಳಿಗೆಯಲ್ಲಿ ಇರುವ ಅಂಗಡಿಗಳು ಕೂಡಿ ಒಂದು ದೊಡ್ಡ ಡಸ್ಟ್ ಕಲೆಕ್ಟರ್ ಕೊಳ್ಳಲಿ; ಕೊಳವೆ ಹಂಚಿಕೊಳ್ಳಲಿ; ಖರ್ಚನ್ನೂ ಹಂಚಿಕೊಳ್ಳಲಿ. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ಬಡಗಿಯೂ ಸೇರಿದ್ದಾನೆ. ಉಪಕರಣಕ್ಕೆ ೧೫,೦೦೦ ರೂಪಾಯಿಯ ತನಕ ನೆರವು, ಜಾಮೀನಿಲ್ಲದ ಸಾಲ ಅದರಲ್ಲಿ ಗೊತ್ತುಮಾಡಿದ್ದಾರೆ. ಸಾಲಕ್ಕೆ ಅರ್ಜಿ ಬರೆಯುವವರು ಗರಗಸದ ಪಕ್ಕದಲ್ಲೇ ವ್ಯಾಕ್ಯೂಮನ್ನೂ ಬರೆಯಲಿ. ಹುಡಿ ಹಿಡಿಯುವ ಸಾಧನವೂ ಉಪಕರಣವೇ ಎಂದು ಅಧಿಕಾರಿಗಳು ಒಪ್ಪಲೇಬೇಕು. ಕಾಯಿದೆಯ ನೆರಳಿಗೆ ಬಾರದ ಸಣ್ಣ ಅಂಗಡಿಗಳ ಕೆಲಸಗಾರರಿಗೆ ಎದೆಯ ತಪಾಸಣೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಬೇಕೆಂಬುದು ನಮ್ಮ ಬೇಡಿಕೆ.

ಅಲ್ಲಿಯವರೆಗೆ ಕಾಯುತ್ತ ಕೂರಬೇಕಾಗಿಲ್ಲ. ನಾಳೆಯೇ ಮಾಡಬಹುದಾದ ಕೆಲವಿವೆ. ಕೊಯ್ಯುವ ಮೊದಲು ವ್ಯಾಕ್ಯೂಮ್ ಹಾಕಿ. ಬಿಲ್ಲೆ ಪೂರ್ತಿ ನಿಂತ ಮೇಲೆ ತಲೆ ಎತ್ತಿ. ಹತ್ತು ಸೆಕೆಂಡು ಬಿಟ್ಟು ವ್ಯಾಕ್ಯೂಮ್ ಆರಿಸಿ. ಚೀಲವನ್ನು ಅರ್ಧಕ್ಕೇ ಖಾಲಿ ಮಾಡಿ. ಹಳೆಯ ಮರದಲ್ಲಿ ಮೊಳೆ ಇದ್ದರೆ ಕಿತ್ತು ಕೊಯ್ಯಿರಿ. ಕಬ್ಬಿಣದ ಕಿಡಿಯೊಂದು ಹೊಟ್ಟಿನ ಚೀಲಕ್ಕೆ ಬಿದ್ದರೆ ರಾತ್ರಿ ಅಂಗಡಿಯೇ ಉರಿದೀತು. ಹಲಗೆ ಹಿಡಿಯುವ ಹುಡುಗನನ್ನು ಗರಗಸದ ಹಿಂದೆ ನಿಲ್ಲಿಸಬೇಡಿ.

ಗಿರಣಿಯ ಕಾರ್ಮಿಕರೇ, ನಿಮ್ಮ ಮಗನೋ ತಮ್ಮನೋ ಇಂದು ಬಡಗಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದರೆ ಅವನ ಕೂಲಿ ಎಷ್ಟೆಂದು ಕೇಳುವುದರ ಜೊತೆಗೆ, ಗರಗಸಕ್ಕೆ ಕೊಳವೆ ಇದೆಯೇ ಎಂದೂ ಕೇಳಿರಿ. ವ್ಯಾಪಾರಿ ಬಂಧುಗಳೇ, ಗರಗಸ ಮಾರುವಾಗ ವ್ಯಾಕ್ಯೂಮನ್ನೂ ಅದರ ಪಕ್ಕದಲ್ಲೇ ಇಟ್ಟು ತೋರಿಸಿರಿ. ಮರದ ಬೆಲೆ ಮರಕ್ಕೆ, ಕೂಲಿಯ ಬೆಲೆ ಕೂಲಿಗೆ ಸಲ್ಲಲಿ. ಉಸಿರನ್ನು ಯಾರೂ ಯಾರಿಗೂ ಮಾರದಿರಲಿ.